ಕೇಳಿ ನೋಡಿ: ಜೈಲು ದೊಡ್ಡದಾಗಬೇಕಾ, ಒಳಗಿರುವವರು ಕಡಿಮೆಯಾಗಬೇಕಾ?

ಹೋದ ಸಂಚಿಕೆಯಲ್ಲಿ ಯಾರೋ ಕೇಳಿದರೆಂದು, ನ್ಯೂಯಾರ್ಕ್ ನಗರ ತನ್ನ ದ್ವೀಪದ ಜೈಲನ್ನು ಮುಚ್ಚಿ ಊರೊಳಗೆ ಚಿಕ್ಕ ಜೈಲುಗಳನ್ನು ಕಟ್ಟಲು ಹೊರಟಿದೆ ಅಂತ ನಾಲ್ಕು ಸಾಲು ಬರೆದಿದ್ದೆ. ಅದರ ಫಲ ಈಗ ಮೇಜಿನ ಮೇಲಿದೆ. ಕಾಫಿ ರೇಟು, ಆನೆ ಕಾಟ, ಪೋಡಿ ದುರಸ್ತಿ, ಅಣ್ಣತಮ್ಮಂದಿರ ಪಾಲು, ಎಲ್ಲ ಹಿಂದೆ ಬಿದ್ದಿವೆ. ಬಂದ ಕಾಗದಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜೈಲಿನದೇ. ಸರಿ, ಈ ತಿಂಗಳು ಪೂರ್ತಿ ಅದೇ ಆಗಲಿ.

ಹೊಸದಾಗಿ ಓದುತ್ತಿರುವವರಿಗೆ ಒಂದು ಮಾತು. ನಾನು ವಕೀಲನಲ್ಲ. ಕೋರ್ಟು ಕಚೇರಿಗಳಲ್ಲಿ ಮೂವತ್ತು ವರ್ಷ ಗುಮಾಸ್ತಗಿರಿ ಮಾಡಿ, ರಿಟೈರ್ ಆಗಿ, ಈಗ ಹಾಸನದಲ್ಲಿ ಮನೆ ಮುಂದೆ ನಾಲ್ಕು ಗುಲಾಬಿ ಗಿಡ ಇಟ್ಟುಕೊಂಡಿರುವವನು. ಕೇಸು ನಡೆಸಬೇಕಾದರೆ ವಕೀಲರ ಹತ್ತಿರ ಹೋಗಿ. ಕಾಗದ ಯಾವ ಮೇಜಿನ ಮೇಲೆ ಸಿಕ್ಕಿಹಾಕಿಕೊಳ್ಳುತ್ತದೆ ಅಂತ ಗೊತ್ತಾಗಬೇಕಾದರೆ ನನ್ನನ್ನು ಕೇಳಿ.

ಪ್ರಶ್ನೆ: ಅಷ್ಟು ದೊಡ್ಡ ಊರು ಜೈಲು ಮುಚ್ಚುತ್ತದೆ ಎಂದರೆ ನಂಬಲಾಗುತ್ತಿಲ್ಲ. ಅಲ್ಲಿ ಕಳ್ಳರೇ ಇಲ್ಲವಾ? ಸ್ವಲ್ಪ ಬಿಡಿಸಿ ಹೇಳಿ.
ಓದುಗರು, ಬೇಲೂರು

ಇದ್ದಾರೆ ಸ್ವಾಮಿ, ಕಳ್ಳರಿಗೇನು ಬರ. ಜೈಲಿನ ಹೆಸರು ರೈಕರ್ಸ್ ಐಲ್ಯಾಂಡ್. ಸುಮಾರು 400 ಎಕರೆ ದ್ವೀಪ. ಅದರಲ್ಲಿ ಬಹುಪಾಲು ಊರಿನ ಕಸ, ಬೂದಿ ಸುರಿದು ಸುರಿದು ಬೆಳೆಸಿದ ನೆಲ. 1930ರ ದಶಕದಿಂದ ಅಲ್ಲಿ ಜೈಲಿದೆ. ಹೋಗಲು ಒಂದೇ ಒಂದು ಸೇತುವೆ, ಅದೂ 1966ರಲ್ಲಿ ಆದದ್ದು, ಅದಕ್ಕೆ ಮುಂಚೆ ದೋಣಿಯೇ ಗತಿ. ಮಗನನ್ನು ನೋಡಲು ಹೋಗುವ ತಾಯಿಗೆ ಒಂದು ದಿನದ ಕೂಲಿ ಹೋಯಿತು ಅಂತಲೇ ಲೆಕ್ಕ. ಕೋರ್ಟು ಊರಲ್ಲಿ, ಜೈಲು ನೀರಿನಾಚೆ. ಬೆಳಗಿನ ಜಾವ ಎಬ್ಬಿಸಿ ಬಸ್ಸಿಗೆ ತುಂಬಿಕೊಂಡು ಬರಬೇಕು, ಸಂಜೆ ವಾಪಸ್ ತುಂಬಿಕೊಂಡು ಹೋಗಬೇಕು.

1991ರ ಹೊತ್ತಿಗೆ ಆ ನಗರದ ಜೈಲುಗಳಲ್ಲಿ 20,000ಕ್ಕಿಂತ ಜಾಸ್ತಿ ಜನ ಇದ್ದರು. ಅವರಲ್ಲಿ ಬಹುಪಾಲು ಶಿಕ್ಷೆಯಾದವರಲ್ಲ, ಕೇಸು ಮುಗಿಯಲಿ ಅಂತ ಕಾಯುತ್ತಾ ಕೂತವರು. ಇದೊಂದನ್ನು ನೆನಪಿಟ್ಟುಕೊಳ್ಳಿ, ಕೆಳಗೆ ಮತ್ತೆ ಮತ್ತೆ ಬರುತ್ತದೆ.

ಆ ಊರಿನ ಕಣ್ಣು ತೆರೆಸಿದ್ದು ಒಬ್ಬ ಹುಡುಗನ ಕತೆ. ಕಲೀಫ್ ಬ್ರೌಡರ್ ಅಂತ. 2010ರಲ್ಲಿ, ಹದಿನಾರನೇ ವಯಸ್ಸಿನಲ್ಲಿ, ಬೆನ್ನಿಗೆ ಹಾಕುವ ಒಂದು ಬ್ಯಾಗು ಕದ್ದ ಅಂತ ಹಿಡಿದರು. 3,000 ಡಾಲರ್ ಕಟ್ಟಿದ್ದರೆ ಅವನು ಮನೆಗೆ ಹೋಗಬಹುದಿತ್ತು. ಮನೆಯವರ ಹತ್ತಿರ ಇರಲಿಲ್ಲ. ಮೂರು ವರ್ಷ ಒಳಗಿದ್ದ. ಅದರಲ್ಲಿ ಸುಮಾರು ಎರಡು ವರ್ಷ ಒಂಟಿ ಕೋಣೆಯಲ್ಲಿ, ಮಾತಾಡಲು ಒಂದು ನರಪಿಳ್ಳೆ ಇಲ್ಲದೆ. ವಿಚಾರಣೆ ನಡೆಯಲೇ ಇಲ್ಲ. 2013ರಲ್ಲಿ ಕೇಸು ಬಿಟ್ಟು ಕಳಿಸಿದರು. ಹೊರಗೆ ಬಂದವನು ಚೇತರಿಸಿಕೊಳ್ಳಲಿಲ್ಲ, 2015ರಲ್ಲಿ ತಾನೇ ಜೀವ ಕಳೆದುಕೊಂಡ. ಒಂದು ಬ್ಯಾಗಿಗೆ.

ಆಮೇಲೆ ನಿವೃತ್ತ ಮುಖ್ಯ ನ್ಯಾಯಾಧೀಶ ಜೊನಾಥನ್ ಲಿಪ್‌ಮನ್ ಅವರ ಆಯೋಗ 2017ರಲ್ಲಿ ವರದಿ ಕೊಟ್ಟಿತು: ದ್ವೀಪ ಮುಚ್ಚಿ. 2019ರ ಅಕ್ಟೋಬರ್‌ನಲ್ಲಿ ನಗರದ ಕೌನ್ಸಿಲ್ ಒಪ್ಪಿತು. ಮ್ಯಾನ್‌ಹಟನ್, ಬ್ರೂಕ್ಲಿನ್, ಕ್ವೀನ್ಸ್, ಬ್ರಾಂಕ್ಸ್, ನಾಲ್ಕು ಕಡೆ ಕೋರ್ಟಿನ ಹತ್ತಿರವೇ ಒಂದೊಂದು ಜೈಲು. ನನಗೆ ಹಿಡಿಸಿದ್ದು ಅವರ ಲೆಕ್ಕ ಹಾಕುವ ರೀತಿ. ನಾವು ಏನು ಮಾಡುತ್ತೇವೆ? ಒಳಗೆ ಇಷ್ಟು ಜನ ಇದ್ದಾರೆ, ಹಾಗಾಗಿ ಇಷ್ಟು ದೊಡ್ಡ ಕಟ್ಟಡ ಬೇಕು ಅನ್ನುತ್ತೇವೆ. ಅವರು ತಲೆಕೆಳಗು ಮಾಡಿದರು. ನಿಜವಾಗಿ ಒಳಗೆ ಇರಲೇಬೇಕಾದವರು ಎಷ್ಟು ಅಂತ ಮೊದಲು ಕೇಳಿದರು, ಸುಮಾರು 3,300 ಅಂತ ಗೆರೆ ಎಳೆದರು, ಆಮೇಲೆ ಅಷ್ಟಕ್ಕೇ ಗೋಡೆ. ಸಣ್ಣಪುಟ್ಟ ಕೇಸಿನವರಿಗೆ ದುಡ್ಡು ಕಟ್ಟಿಸುವ ಬದಲು, ಬಿಟ್ಟು ಕಳಿಸಿ ಒಬ್ಬ ಸಿಬ್ಬಂದಿ ಕೈಲಿ ವಿಚಾರಿಸಿಕೊಳ್ಳುವ ವ್ಯವಸ್ಥೆಯನ್ನು 2016ರಲ್ಲೇ ಊರು ಪೂರ್ತಿ ತಂದಿದ್ದರು. 2019ರ ಹೊತ್ತಿಗೆ ಒಳಗಿದ್ದವರು ಸುಮಾರು 7,000ಕ್ಕೆ ಇಳಿದಿದ್ದರು. ಊರು ಲೂಟಿಯಾಯಿತಾ? ಇಲ್ಲ. 1990ರಲ್ಲಿ ಅಲ್ಲಿ ವರ್ಷಕ್ಕೆ ಎರಡು ಸಾವಿರದ ಮೇಲೆ ಕೊಲೆ ಆಗುತ್ತಿದ್ದವು, 2017ರಲ್ಲಿ ಮುನ್ನೂರಕ್ಕಿಂತ ಕಡಿಮೆ. ಜೈಲು ಖಾಲಿ ಮಾಡಿದ್ದಕ್ಕೇ ಕೊಲೆ ಇಳಿಯಿತು ಅಂತ ನಾನು ಹೇಳುತ್ತಿಲ್ಲ, ಖಾಲಿ ಮಾಡಿದರೆ ಊರು ಹಾಳಾಗುತ್ತದೆ ಅನ್ನುವುದು ಮಾತ್ರ ಸುಳ್ಳಾಯಿತು.

ಹಾಗಂತ ಎಲ್ಲ ಸುಸೂತ್ರವಾಗಿ ನಡೆಯುತ್ತಿದೆ ಅಂದುಕೊಳ್ಳಬೇಡಿ. ನಮ್ಮ ಬಡಾವಣೆಯಲ್ಲಿ ಜೈಲು ಬೇಡ ಅಂತ ಜನ ಬೀದಿಗಿಳಿದರು. ಹೊಸ ಜೈಲೇ ಬೇಡ ಅನ್ನುವವರು ಇನ್ನೊಂದು ಕಡೆಯಿಂದ ಕೂಗಿದರು. ಖರ್ಚು 870 ಕೋಟಿ ಡಾಲರ್ ಅಂದಿದ್ದು 1,500 ಕೋಟಿ ದಾಟಿದೆ. ಕಾನೂನಿನ ಗಡುವು 2027ರ ಆಗಸ್ಟ್ 31. ಅಷ್ಟರೊಳಗೆ ಕಟ್ಟಡ ಮುಗಿಯಲ್ಲ. ಒಳಗಿರುವವರ ಲೆಕ್ಕ ಕೋವಿಡ್ ಸಮಯದಲ್ಲಿ 4,000ಕ್ಕಿಂತ ಕೆಳಗೆ ಹೋಗಿದ್ದು ಮತ್ತೆ 7,000ದ ಹತ್ತಿರ ಬಂದಿದೆ. ರೈಕರ್ಸ್‌ನಲ್ಲಿ ಹೊಡೆದಾಟ ನಿಲ್ಲುತ್ತಿಲ್ಲ ಅಂತ 2025ರ ಮೇ ತಿಂಗಳಲ್ಲಿ ಅಲ್ಲಿನ ಫೆಡರಲ್ ನ್ಯಾಯಾಧೀಶರು, ಹೊರಗಿನ ಒಬ್ಬರನ್ನು ಮೇಲುಸ್ತುವಾರಿಗೆ ಹಾಕುತ್ತೇವೆ ಅಂತ ಆದೇಶ ಮಾಡಿದರು. ಹೇಳಿದಷ್ಟು ಸುಲಭ ಅಲ್ಲ ಬೇಲೂರಿನವರೇ. ನಿಮ್ಮ ದೇವಸ್ಥಾನ ಕಟ್ಟಿ ಮುಗಿಸಲೂ ತಲೆಮಾರುಗಳೇ ಹಿಡಿದವಲ್ಲ.

ಪ್ರಶ್ನೆ: ಪೇಪರಿನಲ್ಲಿ ‘ವಿಚಾರಣಾಧೀನ ಕೈದಿ’ ಅಂತ ಬರುತ್ತದೆ. ಕೈದಿ ಎಂದರೆ ತಪ್ಪು ಮಾಡಿದವನು ತಾನೇ?
ಪಿಯುಸಿ ವಿದ್ಯಾರ್ಥಿ, ಕಡೂರು

ಅಲ್ಲಪ್ಪ. ತಪ್ಪು ಮಾಡಿದ್ದಾನೋ ಇಲ್ಲವೋ ಅಂತ ಇನ್ನೂ ತೀರ್ಮಾನ ಆಗದವನು. ಜೈಲಿನವರ ಬಾಯಲ್ಲಿ ಇವರು ‘ಯುಟಿ’, ಶಿಕ್ಷೆಯಾದವರು ‘ಸಜಾ’. 2022ರ ಕೊನೆಗೆ ದೇಶದ ಎಲ್ಲ ಜೈಲುಗಳಲ್ಲಿ 5,73,220 ಜನ ಇದ್ದರು, ಅವರಲ್ಲಿ 4,34,302 ಜನ ಯುಟಿಗಳು. ಕೇಂದ್ರ ಸರ್ಕಾರದ ಅಪರಾಧ ದಾಖಲೆ ಬ್ಯೂರೋ ಕೊಟ್ಟ ಲೆಕ್ಕ ಇದು. ನಾಲ್ವರಲ್ಲಿ ಮೂವರು. ನೂರು ಜನರ ಜಾಗದಲ್ಲಿ 131 ಜನ ಮಲಗಿದ್ದರು. ಈಗ ನೀನೇ ಕೂತು ಗಣಿತ ಮಾಡು: ಆ ಮೂವರಲ್ಲಿ ಒಬ್ಬನನ್ನು ಮನೆಗೆ ಕಳಿಸಿದರೆ ಹೊಸ ಜೈಲು ಬೇಕಾಗುತ್ತದಾ?

ಪ್ರಶ್ನೆ: ನಾಲ್ಕು ವರ್ಷದಿಂದ ಮೆಣಸು ಕೊಯ್ದುಕೊಂಡು ನಮ್ಮ ತೋಟದ ಲೈನ್ ಮನೆಯಲ್ಲಿದ್ದ ಅಸ್ಸಾಂ ಕಡೆಯ ಹುಡುಗನನ್ನು, ಪಕ್ಕದ ಎಸ್ಟೇಟಿನಲ್ಲಿ ಎರಡು ಚೀಲ ಕಾಳುಮೆಣಸು ಕಳುವಾಗಿದೆ ಅಂತ ಹಿಡಿದುಕೊಂಡು ಹೋದರು. ಜಾಮೀನು ಸಿಕ್ಕಿ ಐದು ವಾರ ಆಯಿತು. ಇನ್ನೂ ಒಳಗೇ ಇದ್ದಾನೆ. ಜಾಮೀನು ಸಿಕ್ಕಿದ ಮೇಲೆ ಬಿಡಬೇಕಲ್ಲವಾ?
ಕಾಫಿ ಬೆಳೆಗಾರರು, ಸಕಲೇಶಪುರ

ಬಿಡಬೇಕು. ಆದರೆ ಜಾಮೀನು ಸಿಗುವುದು ಬೇರೆ, ಜಾಮೀನುದಾರ ಸಿಗುವುದು ಬೇರೆ. ಆದೇಶದ ಕೊನೇ ಸಾಲು ಓದಿ ನೋಡಿ. ‘ಐವತ್ತು ಸಾವಿರದ ಬಾಂಡು ಮತ್ತು ಅಷ್ಟೇ ಮೊತ್ತಕ್ಕೆ ಒಬ್ಬರು ಅಥವಾ ಇಬ್ಬರ ಶ್ಯೂರಿಟಿ’ ಅಂತ ಇರುತ್ತದೆ. ಶ್ಯೂರಿಟಿ ಕೊಡುವವನಿಗೆ ಪಹಣಿ ಇರಬೇಕು, ಇಲ್ಲವೇ ಮನೆ ಕಂದಾಯದ ರಸೀದಿ, ಆಧಾರ್, ಫೋಟೋ, ಅಫಿಡವಿಟ್. ಅಸ್ಸಾಮಿನ ಹುಡುಗನಿಗೆ ಸಕಲೇಶಪುರದಲ್ಲಿ ಪಹಣಿ ಇರುವ ಮಾವ ಎಲ್ಲಿಂದ ಬರಬೇಕು ಹೇಳಿ.

ಇಲ್ಲಿ ನನ್ನದೇ ಒಂದು ಮಾತು ಹೇಳಿಬಿಡುತ್ತೇನೆ, ಬಹಳ ದಿನದಿಂದ ಒಳಗೇ ಇದೆ. ಯಾವ ಕೋರ್ಟು, ಯಾವ ವರ್ಷ ಅಂತ ಕೇಳಬೇಡಿ. ಒಬ್ಬ ಮುದುಕ ತಂಗಿಯ ಮಗನಿಗೆ ಶ್ಯೂರಿಟಿ ಕೊಡಲು ಬಂದಿದ್ದ. ಪಹಣಿಯನ್ನು ಮಡಚಿ ಮಡಚಿ ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡಿದ್ದ, ಬೆವರಿಗೆ ಒದ್ದೆಯಾಗಿತ್ತು. ಪಹಣಿಯಲ್ಲಿ ‘ಬಿನ್’ ಆದ ಮೇಲೆ ಅವನ ಅಪ್ಪನ ಹೆಸರಿನ ಜೊತೆ ‘ಗೌಡ’ ಇತ್ತು, ಗುರುತಿನ ಚೀಟಿಯಲ್ಲಿ ಇರಲಿಲ್ಲ. ಇಬ್ಬರೂ ಒಬ್ಬರೇ ಅಂತ ಯಾರಿಗೆ ಗೊತ್ತು, ಒಂದೇ ವ್ಯಕ್ತಿ ಅಂತ ಅಫಿಡವಿಟ್ ಮಾಡಿಸಿಕೊಂಡು ಬಾ ಅಂತ ವಾಪಸ್ ಕಳಿಸಿದೆ. ರೂಲ್ಸ್ ಪ್ರಕಾರ ನಾನು ಮಾಡಿದ್ದು ಸರಿ. ಅವನು ನೋಟರಿ ಹುಡುಕಿಕೊಂಡು ಹೋದ, ಅಷ್ಟರಲ್ಲಿ ಕೋರ್ಟ್ ಎದ್ದಿತು, ಮಾರನೇ ದಿನ ರಜೆ, ಅದರ ಮಾರನೇ ದಿನ ಭಾನುವಾರ. ಅವನ ಊರಿಗೆ ದಿನಕ್ಕೆ ಎರಡೇ ಬಸ್ಸು. ಅವನು ಮತ್ತೆ ಬಂದಿದ್ದು ಒಂಬತ್ತು ದಿನ ಆದಮೇಲೆ. ‘ಗೌಡ’ ಅನ್ನುವ ಎರಡಕ್ಷರಕ್ಕೆ ಒಬ್ಬ ಹುಡುಗ ಒಂಬತ್ತು ರಾತ್ರಿ ಜಾಸ್ತಿ ಮುದ್ದೆ ಮುರಿದ. ನನಗೆ ಯಾರೂ ಏನೂ ಅನ್ನಲಿಲ್ಲ. ಅನ್ನುವಂಥದ್ದೇನೂ ಆಗಿರಲಿಲ್ಲವಲ್ಲ, ಫೈಲು ಅಚ್ಚುಕಟ್ಟಾಗಿತ್ತು.

ಈಗ ನಿಮ್ಮ ಹುಡುಗನ ವಿಷಯ. ಇದು ಹೊಸ ರೋಗ ಏನಲ್ಲ. 1978ರಲ್ಲೇ ಮೋತಿರಾಮ್ ಅಂತ ಮಧ್ಯಪ್ರದೇಶದ ಗಾರೆ ಕೆಲಸದವನೊಬ್ಬನ ಕೇಸು ಸುಪ್ರೀಂ ಕೋರ್ಟಿಗೆ ಹೋಗಿತ್ತು. ಅವನಿಗೆ ಹತ್ತು ಸಾವಿರದ ಶ್ಯೂರಿಟಿ ಕೇಳಿದ್ದರು. ಅಣ್ಣ ಕೊಡುತ್ತೇನೆ ಅಂದರೆ, ಅವನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಮ್ಯಾಜಿಸ್ಟ್ರೇಟರು ಒಪ್ಪಲಿಲ್ಲ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಸಿಟ್ಟಾಗಿ, ಇದೇನು ಬೇರೆ ಬೇರೆ ದೇಶವಾ ಅನ್ನುವ ಧಾಟಿಯಲ್ಲಿ ಬರೆದು, ಅವನ ಸ್ವಂತ ಸಾವಿರ ರೂಪಾಯಿ ಬಾಂಡಿನ ಮೇಲೆ ಬಿಡಿ ಅಂದರು. ನಲವತ್ತೈದು ವರ್ಷ ಆದಮೇಲೂ ಅದೇ ಹಾಡು ಅಂತ ಕಂಡು, ಸುಪ್ರೀಂ ಕೋರ್ಟ್ 2023ರ ಜನವರಿ 31ರಂದು ಇನ್ನೊಂದು ಆದೇಶ ಮಾಡಿತು. ಜಾಮೀನು ಸಿಕ್ಕಿ ಏಳು ದಿನದಲ್ಲಿ ಆಸಾಮಿ ಹೊರಗೆ ಬರದಿದ್ದರೆ ಜೈಲು ಸೂಪರಿಂಟೆಂಡೆಂಟರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಒಂದು ತಿಂಗಳಲ್ಲಿ ಬಾಂಡು ಕೊಡಲಾಗದಿದ್ದರೆ, ಷರತ್ತು ಸಡಿಲ ಮಾಡಬೇಕಾ ಅಂತ ಕೋರ್ಟು ತಾನಾಗಿಯೇ ನೋಡಬಹುದು. ಊರಿನವನೇ ಶ್ಯೂರಿಟಿ ಬೇಕು ಅಂತ ಪಟ್ಟು ಹಿಡಿಯುವುದೇ ತಡಕ್ಕೆ ಒಂದು ಕಾರಣ ಅಂತಲೂ ಹೇಳಿದೆ.

ನಿಮ್ಮವನಿಗೆ ಐದು ವಾರ ಆಗಿದೆ. ಹಾಗಾಗಿ ಸುಮ್ನೆ ಕೂರಬೇಡಿ. ಕೋರ್ಟ್ ಆವರಣದಲ್ಲಿರುವ ಪ್ರಾಧಿಕಾರದ ಕಚೇರಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಕಸ್ಟಡಿಯಲ್ಲಿರುವ ಯಾರಿಗೇ ಆಗಲಿ ವಕೀಲರು ಪುಕ್ಕಟೆ, ಆದಾಯದ ಸರ್ಟಿಫಿಕೇಟು ಕೇಳುವಂತಿಲ್ಲ. ಬಡ ಕೈದಿಗಳಿಗೆ ಅಂತ ಕೇಂದ್ರದ ಒಂದು ಯೋಜನೆಯೂ ಇದೆ. 2023ರಲ್ಲಿ ಶುರುವಾದಾಗ ವಿಚಾರಣಾಧೀನರ ಜಾಮೀನಿಗೆ 40,000 ರೂಪಾಯಿವರೆಗೆ ಅಂತ ಇಟ್ಟಿದ್ದರು. ಅದನ್ನೂ ಕೇಳಿ.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ನಿಮಗೆ ತೋಟ ಇದೆ, ಪಹಣಿ ಇದೆ. ನೀವೇ ಯಾಕೆ ಶ್ಯೂರಿಟಿ ಕೊಡಬಾರದು? ಓಡಿಹೋದರೆ ಅನ್ನುವ ಭಯ ನಿಜ, ಆ ಭಯ ತಪ್ಪಲ್ಲ, ದಂಡ ನಿಮ್ಮ ತಲೆಗೆ ಬರುತ್ತದೆ. ಆದರೆ ನಾಲ್ಕು ವರ್ಷ ನಿಮ್ಮ ಗಿಡ ಹತ್ತಿ ಮೆಣಸು ಕೊಯ್ದವನು ಅಂತ ನೀವೇ ಬರೆದಿದ್ದೀರಿ. ಅವನು ಎಂಥವನು ಅಂತ ನನಗಿಂತ, ಮ್ಯಾಜಿಸ್ಟ್ರೇಟರಿಗಿಂತ ನಿಮಗೆ ಚೆನ್ನಾಗಿ ಗೊತ್ತು.

ಪ್ರಶ್ನೆ: ಜೈಲಿನಲ್ಲಿ ನಿಜವಾಗಿಯೂ ಮುದ್ದೆ ಕೊಡುತ್ತಾರಾ?
ಓದುಗರು, ಚನ್ನರಾಯಪಟ್ಟಣ

ಕೊಡುತ್ತಾರೆ. ನಮ್ಮ ಕಡೆ ‘ಮುದ್ದೆ ಮುರಿಯೋಕೆ ಹೋದ’ ಅನ್ನುವ ಮಾತು ಹುಟ್ಟಿದ್ದು ಸುಮ್ನೆ ಅಲ್ಲ. ಸಾರಿನ ಬಗ್ಗೆ ಮಾತ್ರ ಏನೂ ಕೇಳಬೇಡಿ.

ಪ್ರಶ್ನೆ: ಮನೆಯವರನ್ನು ಕಳ್ಳತನದ ಕೇಸಿನಲ್ಲಿ ಹಿಡಿದು ಹದಿನಾಲ್ಕು ತಿಂಗಳಾಯಿತು. ಹಿಂದೆ ಯಾವ ಕೇಸೂ ಇಲ್ಲ. ಸಾಕ್ಷಿ ಬರುವುದಿಲ್ಲ, ವಾಯಿದೆ ಮೇಲೆ ವಾಯಿದೆ. ವಕೀಲರಿಗೆ ಕೊಡಲು ದುಡ್ಡಿಲ್ಲ. ಎಂದು ಬಿಡುತ್ತಾರೆ?
ಒಬ್ಬ ಹೆಣ್ಣುಮಗಳು, ಚಿಕ್ಕಮಗಳೂರು

ಅಮ್ಮಾ, ಮೊದಲು ಒಂದು ಕೆಲಸ ಮಾಡಿ. ಚಾರ್ಜ್‌ಶೀಟಿನ ನಕಲು ತೆಗೆದುಕೊಂಡು ಯಾವ ಸೆಕ್ಷನ್ ಹಾಕಿದ್ದಾರೆ ನೋಡಿಸಿ. ಎಲ್ಲ ಅದರ ಮೇಲೆ ನಿಂತಿದೆ.

2024ರ ಜುಲೈ 1ರಿಂದ ಬಂದ ಹೊಸ ಕಾನೂನು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ. ಅದರ 479ನೇ ಸೆಕ್ಷನ್ ನಿಮಗೆ ಬೇಕಾದದ್ದು. ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಯಾಗದವನು, ಆ ಅಪರಾಧಕ್ಕಿರುವ ಅತಿ ಹೆಚ್ಚಿನ ಶಿಕ್ಷೆಯಲ್ಲಿ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಅವನನ್ನು ಬಾಂಡಿನ ಮೇಲೆ ಬಿಡಬೇಕು. ಹಿಂದೆ ಶಿಕ್ಷೆಯಾಗಿದ್ದವರಿಗೆ ಅರ್ಧ. ಗಲ್ಲು, ಜೀವಾವಧಿ ಇರುವ ಕೇಸುಗಳಿಗೆ ಇದಿಲ್ಲ. ಜುಲೈ 1ಕ್ಕಿಂತ ಹಿಂದಿನ ಕೇಸಿಗೂ ಇದು ಅನ್ವಯ ಅಂತ 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಬರೀ ಕಳ್ಳತನ ಆದರೆ ಹೆಚ್ಚೆಂದರೆ ಮೂರು ವರ್ಷ. ಮೂರನೇ ಒಂದು ಭಾಗ ಹನ್ನೆರಡು ತಿಂಗಳು. ನಿಮ್ಮವರಿಗೆ ಹದಿನಾಲ್ಕಾಗಿದೆ, ಅಂದರೆ ಎರಡು ತಿಂಗಳ ಹಿಂದೆಯೇ ಜೈಲಿನಿಂದ ಕೋರ್ಟಿಗೆ ಅರ್ಜಿ ಹೋಗಬೇಕಿತ್ತು. ಹೌದು, ಅರ್ಜಿ ಹಾಕುವುದು ಜೈಲು ಸೂಪರಿಂಟೆಂಡೆಂಟರ ಕೆಲಸ, ನೀವು ಕಾಲಿಗೆ ಬೀಳಬೇಕಾದ್ದಿಲ್ಲ. ಮನೆಯೊಳಗೆ ನುಗ್ಗಿದ ಕಳ್ಳತನ ಅಂತ ಹಾಕಿದ್ದರೆ ಏಳು ವರ್ಷ, ಆಗ ಮೂರನೇ ಒಂದು ಭಾಗ ಎರಡು ವರ್ಷ ನಾಲ್ಕು ತಿಂಗಳು. ಅದಕ್ಕೇ ಸೆಕ್ಷನ್ ನೋಡಿ ಅಂದಿದ್ದು.

ಒಂದು ಕೊಕ್ಕೆಯೂ ಇದೆ. ಒಂದಕ್ಕಿಂತ ಹೆಚ್ಚು ಅಪರಾಧ ಅಥವಾ ಕೇಸು ಬಾಕಿ ಇದ್ದರೆ ಈ ಸೆಕ್ಷನ್‌ನಲ್ಲಿ ಬಿಡುವಂತಿಲ್ಲ ಅಂತ ಅದೇ 479ರ ಎರಡನೇ ಉಪಕಲಂನಲ್ಲಿ ಬರೆದಿಟ್ಟಿದ್ದಾರೆ. ಒಂದೇ ಘಟನೆಗೆ ಎರಡು ಮೂರು ಸೆಕ್ಷನ್ ಸೇರಿಸುವುದು ನಮ್ಮ ಠಾಣೆಗಳಲ್ಲಿ ಉಪ್ಪು ಹಾಕಿದ ಹಾಗೆ. ಒಂದು ಕೈಲಿ ಕೊಟ್ಟು ಇನ್ನೊಂದು ಕೈಲಿ ಕಿತ್ತುಕೊಂಡ ಕಾನೂನು ಇದು ಅಂತ ನನ್ನ ಅನಿಸಿಕೆ. ಹಾಗೇನಾದರೂ ಆಗಿದ್ದರೆ 480ರ ಆರನೇ ಉಪಕಲಂ ಕಡೆ ಹೋಗಲು ವಕೀಲರಿಗೆ ಹೇಳಿ. ಮ್ಯಾಜಿಸ್ಟ್ರೇಟ್ ವಿಚಾರಣೆಯ ಕೇಸಿನಲ್ಲಿ, ಸಾಕ್ಷಿಗೆ ಗೊತ್ತುಮಾಡಿದ ಮೊದಲ ದಿನದಿಂದ 60 ದಿನದಲ್ಲಿ ವಿಚಾರಣೆ ಮುಗಿಯದಿದ್ದರೆ, ಅಷ್ಟೂ ದಿನ ಒಳಗಿದ್ದವನನ್ನು ಜಾಮೀನಿನ ಮೇಲೆ ಬಿಡಬೇಕು. ಬಿಡದಿದ್ದರೆ ಯಾಕೆ ಅಂತ ಬರೆಯಬೇಕು. ವಕೀಲರಿಗೆ ದುಡ್ಡಿಲ್ಲ ಅಂತ ಬರೆದಿದ್ದೀರಿ. ಮೇಲೆ ಸಕಲೇಶಪುರದವರಿಗೆ ಹೇಳಿದ 15100 ನಿಮಗೂ ಅದೇ.

ಪ್ರಶ್ನೆ: ಕದ್ದವನಿಗೆ, ಹೊಡೆದವನಿಗೆ ಕನಿಕರ ತೋರಿಸುತ್ತೀರಿ. ಕಳಕೊಂಡವನ ಗತಿ ಏನು? ಜೈಲು ಕಷ್ಟ ಇದ್ದರೇ ತಾನೇ ಭಯ ಇರುವುದು? ನಿಮ್ಮ ಮನೆಗೆ ನುಗ್ಗಿದ್ದರೆ ಹೀಗೆ ಬರೆಯುತ್ತಿದ್ದಿರಾ?
ಓದುಗರು, ಅರಸೀಕೆರೆ

ನುಗ್ಗಿದ್ದಾರೆ. ನಾವು ಧರ್ಮಸ್ಥಳಕ್ಕೆ ಹೋಗಿದ್ದಾಗ ಹಿಂಬಾಗಿಲು ಮೀಟಿ ಹೆಂಡತಿಯ ಎರಡೆಳೆ ಸರ, ಒಂದು ಮಿಕ್ಸಿ, ಯಾಕೋ ನನ್ನ ಹಳೇ ಛತ್ರಿಯನ್ನೂ ಒಯ್ದರು. ಆ ರಾತ್ರಿ ಅವನು ಕೈಗೆ ಸಿಕ್ಕಿದ್ದರೆ ನಾನೇ ನಾಲ್ಕು ಬಿಡುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಆದರೆ ನನಗೆ ಬೇಕಾಗಿದ್ದು ಸರ. ಸರ ವಾಪಸ್ ಬರಲಿಲ್ಲ. ಹಿಡಿದ ಹುಡುಗ ಒಳಗೆ ಕೂತ, ಅವನು ಒಳಗಿದ್ದಷ್ಟು ದಿನ ನನಗೆ ಒಂದು ಗ್ರಾಂ ಚಿನ್ನ ಹುಟ್ಟಲಿಲ್ಲ. ಸಾಕ್ಷಿ ಹೇಳಲು ನಾನೇ ನಾಲ್ಕು ಸಲ ಹೋಗಿ ವಾಪಸ್ ಬಂದೆ, ಅದೂ ಕೋರ್ಟಿನಲ್ಲೇ ಕೆಲಸ ಮಾಡುವವನು!

ಯಾವ ಅಪರಾಧಕ್ಕೆ ಎಷ್ಟು ಶಿಕ್ಷೆ ಅಂತ ಹೇಳುವ ಹೊಸ ಕಾನೂನು, ಭಾರತೀಯ ನ್ಯಾಯ ಸಂಹಿತೆಯಲ್ಲಿ ಒಂದು ಒಳ್ಳೇ ಕೆಲಸ ಮಾಡಿದ್ದಾರೆ. 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತು ಕದ್ದು ಮೊದಲ ಸಲ ತಪ್ಪಿತಸ್ಥ ಅಂತಾದವನು, ಮಾಲು ಅಥವಾ ಅದರ ಬೆಲೆ ವಾಪಸ್ ಕೊಟ್ಟರೆ ಅವನಿಗೆ ಜೈಲಿಲ್ಲ, ಸಮುದಾಯ ಸೇವೆ. ಈಗಿನ ರೇಟಿನಲ್ಲಿ ಏಳೆಂಟು ಕೆಜಿ ಕಾಳುಮೆಣಸು ಅಷ್ಟೇ. ಕಳಕೊಂಡವನಿಗೆ ಮಾಲು ಬಂತು, ಕದ್ದವನು ಆಸ್ಪತ್ರೆ ಅಂಗಳ ಗುಡಿಸಿದ. ನಿಮಗೂ ಇದರಲ್ಲಿ ತಕರಾರು ಇರಲಿಕ್ಕಿಲ್ಲ, ಅಲ್ವಾ?

ಜೈಲಿನ ಭಯದ ಬಗ್ಗೆ. ಭಯ ಯಾರಿಗೆ ಅಂತ ನೋಡಿ. 2024ರ ಆಗಸ್ಟ್‌ನಲ್ಲಿ ನಟ ದರ್ಶನ್ ಪರಪ್ಪನ ಅಗ್ರಹಾರದ ಜೈಲೊಳಗೆ ಕುರ್ಚಿ ಹಾಕಿಕೊಂಡು, ಒಂದು ಕೈಲಿ ಸಿಗರೇಟು ಇನ್ನೊಂದು ಕೈಲಿ ಮಗ್ ಹಿಡಿದು ಕೂತ ಫೋಟೋ ನೀವೂ ನೋಡಿದ್ದೀರಿ, ಇಡೀ ರಾಜ್ಯ ನೋಡಿದೆ. ಜನ ತುಂಬಿ ತುಳುಕುವ ಜೈಲಿನಲ್ಲಿ ದುಡ್ಡಿರುವವನಿಗೆ ಕುರ್ಚಿ ಸಿಗುತ್ತದೆ, ಇಲ್ಲದವನಿಗೆ ಕಕ್ಕಸಿನ ಬಾಗಿಲ ಪಕ್ಕ ಮಲಗುವ ಜಾಗ. ಜನ ಕಡಿಮೆ ಇದ್ದು ಕಾವಲು ಸರಿಯಾಗಿದ್ದರೆ ಮೊದಲು ಹೋಗುವುದೇ ಆ ಕುರ್ಚಿ. ಕೊಲೆ, ಅತ್ಯಾಚಾರ ಮಾಡಿದವನನ್ನು ಬಿಡಿ ಅಂತ ನಾನೆಲ್ಲೂ ಬರೆದಿಲ್ಲ. ಅವರನ್ನು ಗಟ್ಟಿಯಾಗಿ ಕಾಯಬೇಕಾದರೂ ಜಾಗ, ಜನ ಬೇಕಲ್ಲ. ಅದನ್ನೆಲ್ಲ ಚೀಲ ಮೆಣಸಿನವರು ತುಂಬಿಕೊಂಡಿದ್ದಾರೆ.

ಪ್ರಶ್ನೆ: ತಾಯಿ ಜೈಲಿಗೆ ಹೋದರೆ ಚಿಕ್ಕ ಮಗುವನ್ನೂ ಒಳಗೆ ಬಿಡುತ್ತಾರಂತೆ, ನಿಜವಾ?
ಅಂಗನವಾಡಿ ಕಾರ್ಯಕರ್ತೆ, ಮೂಡಿಗೆರೆ

ನಿಜ. ಹೊರಗೆ ನೋಡಿಕೊಳ್ಳುವವರು ಇಲ್ಲದಿದ್ದರೆ ಆರು ವರ್ಷ ತುಂಬುವವರೆಗೆ ತಾಯಿಯ ಜೊತೆ ಇರಬಹುದು ಅಂತ ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದೆ. ಮಗುವಿಗೆ ಬೇರೆ ಊಟ, ಆಟ, ಪಾಠ ಎಲ್ಲ ಕೊಡಬೇಕು. ಮಗು ಕೈದಿಯಲ್ಲ. ಆದರೂ ಬೀಗ ಅಂದರೆ ಏನು ಅಂತ ಮೂರನೇ ವರ್ಷಕ್ಕೇ ಅದಕ್ಕೆ ಗೊತ್ತಾಗುತ್ತದೆ. ನಿಮ್ಮ ಅಂಗನವಾಡಿಗೆ ಅಂಥ ಮಗು ಯಾವತ್ತಾದರೂ ಬಂದರೆ, ಬಾಗಿಲು ಹಾಕುವಾಗ ಅದರ ಮುಖ ನೋಡಿ.

ಪ್ರಶ್ನೆ: ಟೀಕೆ ಸುಲಭ. ನಮ್ಮ ಜಿಲ್ಲೆಯ ಜೈಲನ್ನು ನಿಮ್ಮ ಕೈಗೆ ಕೊಟ್ಟರೆ ಏನು ಮಾಡುತ್ತೀರಿ? ನ್ಯೂಯಾರ್ಕಿನ ದುಡ್ಡು ನಮ್ಮಲ್ಲಿಲ್ಲ.
ನಿವೃತ್ತ ಮೇಷ್ಟ್ರು, ಹೊಳೆನರಸೀಪುರ

ಮೇಷ್ಟ್ರೇ, ಜೈಲು ರಾಜ್ಯದ ವಿಷಯ, ನನ್ನ ಕೈಗೆ ಯಾರೂ ಕೊಡುವುದಿಲ್ಲ. ಕೊಟ್ಟರು ಅಂತಲೇ ಇಟ್ಟುಕೊಳ್ಳಿ. ದುಡ್ಡು ಬೇಕಾಗಿಲ್ಲದ ಕೆಲಸದಿಂದಲೇ ಶುರು ಮಾಡುತ್ತೇನೆ.

ಮೊದಲನೆಯದು, ಶನಿವಾರ ಸಂಜೆಯ ಕೆಲಸ. ಇದನ್ನೂ ನಾನು ಕಣ್ಣಾರೆ ಕಂಡಿದ್ದು, ಜೈಲಿನ ಹೆಸರು ಬೇಡ. ಮಧ್ಯಾಹ್ನ ಬಾಂಡು ಎಲ್ಲ ಒಪ್ಪಿತವಾಗಿ ಬಿಡುಗಡೆ ಆದೇಶ ಟೈಪಾಯಿತು. ಸಹಿಗೆ ಹೋಯಿತು. ಸಹಿಯಾಗಿ ಬರುವಷ್ಟರಲ್ಲಿ ನಾಲ್ಕೂವರೆ. ತೆಗೆದುಕೊಂಡು ಹೋಗಬೇಕಾದ ಆಳು ಇನ್ನೊಂದು ಕಚೇರಿಗೆ ಹೋಗಿದ್ದ. ಅವನು ಸೈಕಲ್ ತುಳಿದುಕೊಂಡು ಜೈಲು ಮುಟ್ಟಿದಾಗ ಆರು ದಾಟಿತ್ತು. ‘ಲಾಕಪ್ ಆಯ್ತು, ನಾಳೆ ಬನ್ನಿ’ ಅಂದರು. ನಾಳೆ ಭಾನುವಾರ, ಸಹಿ ಹಾಕುವವರು ಇಲ್ಲ. ಗೇಟಿನ ಹೊರಗೆ ಬಿಡುಗಡೆಯಾಗಬೇಕಿದ್ದವನ ತಾಯಿ ಕೂತಿದ್ದಳು, ಒಗೆದು ಮಡಚಿದ ಅಂಗಿ ಇದ್ದ ಪ್ಲಾಸ್ಟಿಕ್ ಕವರನ್ನು ತೊಡೆ ಮೇಲೆ ಇಟ್ಟುಕೊಂಡು. ರಾತ್ರಿ ಬಸ್‌ಸ್ಟ್ಯಾಂಡಿನಲ್ಲಿ ಮಲಗಿದ್ದಳಂತೆ. ಸೋಮವಾರ ಹತ್ತೂವರೆಗೆ ಮಗ ಹೊರಗೆ ಬಂದ. ಆದೇಶವನ್ನು ಅದೇ ದಿನ, ತಪ್ಪಿದರೆ ಮಾರನೇ ದಿನ ಜೈಲಿಗೆ ಇಮೇಲ್ ಮಾಡಬೇಕು ಅಂತ ಮೇಲೆ ಹೇಳಿದ 2023ರ ಆದೇಶದಲ್ಲೇ ಇದೆ. ಜೈಲು ನನ್ನ ಕೈಲಿದ್ದರೆ ರಾತ್ರಿ ಒಂಬತ್ತಕ್ಕೆ ಇಮೇಲ್ ಬಂದರೂ ಬಾಗಿಲು ತೆಗೆಸುತ್ತೇನೆ. ಒಳಗೆ ಹಾಕುವಾಗ ಟೈಮು ನೋಡುವುದಿಲ್ಲವಲ್ಲ.

ಎರಡನೆಯದು, ಪ್ರತಿ ಸೋಮವಾರ ಒಂದು ಪಟ್ಟಿ. ಜಾಮೀನು ಸಿಕ್ಕಿಯೂ ಒಳಗಿರುವವರು ಯಾರು, ಮೂರನೇ ಒಂದು ಭಾಗ ದಾಟಿದವರು ಯಾರು. ಒಂದು ಹಾಳೆ ಸಾಕು. ಅದನ್ನು ಕಚೇರಿಯ ಗೋಡೆಗೆ ಅಂಟಿಸುತ್ತೇನೆ. ಪಟ್ಟಿ ಉದ್ದವಾದರೆ ಯಾರಾದರೂ ಕೇಳುತ್ತಾರೆ.

ಒಳಗಿನ ಕೆಲಸ ಹಂಚುವಾಗ ಜಾತಿ ಕಾಲಂ ಕಿತ್ತು ಹಾಕುತ್ತೇನೆ. ಕಸ, ಕಕ್ಕಸು ಒಬ್ಬರಿಗೆ, ಅಡುಗೆ ಇನ್ನೊಬ್ಬರಿಗೆ ಅಂತ ಜಾತಿ ನೋಡಿ ಹಚ್ಚುವ ನಿಯಮಗಳು ಹಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲಿ ಬ್ರಿಟಿಷರ ಕಾಲದಿಂದ ಹಾಗೇ ಉಳಿದಿದ್ದವು. ಪತ್ರಕರ್ತೆ ಸುಕನ್ಯಾ ಶಾಂತಾ ಅದರ ಮೇಲೆ ಕೇಸು ಹಾಕಿದರು. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ಅವನ್ನೆಲ್ಲ ರದ್ದು ಮಾಡಿತು. ಸ್ವಾತಂತ್ರ್ಯ ಬಂದು ಎಪ್ಪತ್ತೇಳು ವರ್ಷ ಆದಮೇಲೆ, ಮೇಷ್ಟ್ರೇ.

ಊರ ಹೊರಗೆ ಹೊಸ ಕಟ್ಟಡ ಅಂತ ಯಾರಾದರೂ ಫೈಲು ತಂದರೆ ವಾಪಸ್ ಕಳಿಸುತ್ತೇನೆ. ಬೆಂಗಳೂರಿನ ಹಳೇ ಸೆಂಟ್ರಲ್ ಜೈಲು ಊರ ನಡುವೆ ಇತ್ತು, ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಎಲ್ಲ ಅಲ್ಲೇ ಇದ್ದರು. ಆಮೇಲೆ ಪರಪ್ಪನ ಅಗ್ರಹಾರಕ್ಕೆ ಸಾಗಿಸಿದರು, ಹಳೇ ಜಾಗ ಫ್ರೀಡಂ ಪಾರ್ಕ್ ಆಯಿತು. ಪಾರ್ಕ್ ಚೆನ್ನಾಗಿದೆ, ಬೇಡ ಅನ್ನುವುದಿಲ್ಲ. ಆದರೆ ಜೈಲು ದೂರ ಹೋದಷ್ಟೂ ಕೋರ್ಟಿಗೆ ಕರೆತರಲು ಎಸ್ಕಾರ್ಟ್ ಪೊಲೀಸರು ಸಿಗುವುದಿಲ್ಲ, ವಾಯಿದೆ ತಪ್ಪುತ್ತದೆ, ನೋಡಲು ಬರುವವರು ಕಡಿಮೆಯಾಗುತ್ತಾರೆ. ಸಕಲೇಶಪುರದ ಹೆಂಗಸು ಹಾಸನಕ್ಕೆ ಬಂದು ಗಂಡನನ್ನು ನೋಡಿ ಸಂಜೆಯೊಳಗೆ ಮನೆ ಸೇರಬಹುದು. ಮೈಸೂರಿಗೆ ಹಾಕಿದರೆ ಎರಡು ದಿನದ ಕೂಲಿ. ನ್ಯೂಯಾರ್ಕಿನವರು ಸಾವಿರಾರು ಕೋಟಿ ಸುರಿದು ಕೋರ್ಟಿನ ಪಕ್ಕ ತರಲು ಒದ್ದಾಡುತ್ತಿರುವುದನ್ನು ನಾವು ಇರುವ ಜಾಗದಿಂದ ಕಿತ್ತು ದೂರ ಒಯ್ಯುವುದು ಯಾವ ಬುದ್ಧಿವಂತಿಕೆ?

ಸ್ವಲ್ಪ ದುಡ್ಡು ಮಿಕ್ಕರೆ ಗೇಟಿನ ಹೊರಗೆ ಒಂದು ಶೀಟಿನ ಮಾಡು, ಬೆಂಚು, ಹೆಂಗಸರಿಗೊಂದು ಶೌಚಾಲಯ. ಮಲೆನಾಡಿನ ಮಳೆಯಲ್ಲಿ ಮಗು ಎತ್ತಿಕೊಂಡು ಛತ್ರಿ ಹಿಡಿದು ಸರದಿ ಕಾಯುವವರು ಯಾವ ತಪ್ಪೂ ಮಾಡಿಲ್ಲ.

ಇನ್ನೂ ಆಸೆ ಪಡಬಹುದಾದರೆ ಬಯಲು ಜೈಲು. ರಾಜಸ್ಥಾನದ ಸಾಂಗಾನೇರಿನಲ್ಲಿ 1963ರಿಂದ ಇದೆ. ಶಿಕ್ಷೆಯಾದವರು ಹೆಂಡತಿ ಮಕ್ಕಳ ಜೊತೆ ಇರುತ್ತಾರೆ, ಬೆಳಗ್ಗೆ ಹೊರಗೆ ದುಡಿಯಲು ಹೋಗಿ ಸಂಜೆ ಹಾಜರಿಗೆ ಬರುತ್ತಾರೆ. ನಮ್ಮ ರಾಜ್ಯದಲ್ಲೂ ದೇವನಹಳ್ಳಿ ತಾಲೂಕಿನ ಕೋರಮಂಗಲದಲ್ಲಿ ಒಂದಿದೆ. ಕಾಫಿ ಕೊಯ್ಲಿಗೆ ಆಳಿಲ್ಲ ಅಂತ ಬಾಯಿ ಬಡಿದುಕೊಳ್ಳುವ ನಮ್ಮ ಎರಡು ಜಿಲ್ಲೆಗಳಲ್ಲಿ, ಸಂಬಳ ಕೊಟ್ಟು ಕೆಲಸ ಮಾಡಿಸುವ ಅಂಥದ್ದೊಂದು ಯಾಕಾಗಬಾರದು? ಬೆಳೆಗಾರರು ಬೈದು ಕಾಗದ ಬರೆಯಬಹುದು, ಹಾಕುತ್ತೇನೆ.

ಪ್ರಶ್ನೆ: ಮೇಲೆ ಬರೆದವನು ನಾನೇ. ಸಂಪಾದಕರು ನಿಮ್ಮ ಉತ್ತರವನ್ನು ಮೊದಲೇ ಕಳಿಸಿಕೊಟ್ಟರು. ಶ್ಯೂರಿಟಿ ನಾನೇ ಕೊಡುತ್ತೇನೆ ಅಂತ ತೀರ್ಮಾನ ಮಾಡಿದ್ದೇನೆ. ಏನೇನು ತೆಗೆದುಕೊಂಡು ಹೋಗಲಿ?
ಕಾಫಿ ಬೆಳೆಗಾರರು, ಸಕಲೇಶಪುರ

ಹೊಸ ಪಹಣಿ, ಆಧಾರ್ ಅಸಲು ಮತ್ತು ಎರಡು ನಕಲು, ನಾಲ್ಕು ಫೋಟೋ. ಎರಡರಲ್ಲೂ ನಿಮ್ಮ ಅಪ್ಪನ ಹೆಸರು ಅಕ್ಷರ ಅಕ್ಷರ ಒಂದೇ ಇದೆಯಾ ಅಂತ ಮನೆಯಲ್ಲೇ ಕೂತು ನೋಡಿಕೊಳ್ಳಿ. ಶನಿವಾರ ಬೇಡ, ಸೋಮವಾರ ಹತ್ತೂವರೆಗೆ ಹೋಗಿ. ಬರುವಾಗ ಲೈನ್ ಮನೆಯಿಂದ ಅವನ ಚಪ್ಪಲಿ ತನ್ನಿ. ಹಿಡಿದುಕೊಂಡು ಹೋಗುವ ಗಡಿಬಿಡಿಯಲ್ಲಿ ಬರಿಗಾಲಲ್ಲೇ ಹೋಗಿರುತ್ತಾನೆ.